ತೊಂದರೆ ಏನೂ ಇಲ್ಲ ಎಂದು ಬರೆದ ಕಾಗದ

ನಮ್ಮವರಿಗೆ ಕುಕ್ಕರಿನ ಸೀಟಿ ಕೇಳುವುದಿಲ್ಲ. ರಸ್ತೆಯಾಚೆ ಗದ್ದೆಯಲ್ಲಿ ಟಿಲ್ಲರ್ ಓಡಿದರೆ ಕೇಳುತ್ತದೆ. ಮೀನಿನವಳು ಗೇಟಿನಲ್ಲಿ ನಿಂತು ‘ಹ್ವಾಯ್’ ಎಂದರೆ ಕೇಳುತ್ತದೆ, ಅದೇ ಗೇಟಿನಲ್ಲಿ ನಿಂತು ನಾನು ಊಟಕ್ಕೆ ಕರೆದರೆ ಕೇಳುವುದಿಲ್ಲ. ನೆಂಟರಿಗೆ ಇದು ದೊಡ್ಡ ತಮಾಷೆ. ಹೆಂಡತಿಯ ಮಾತಿಗೆ ಮಾತ್ರ ಕಿವುಡಾಗುವ ವಿದ್ಯೆಯನ್ನು ಮಿಲಿಟರಿಯಲ್ಲಿ ಕಲಿಸುತ್ತಾರಾ ಎಂದು ನನ್ನ ತಮ್ಮ ಒಮ್ಮೆ ಕೇಳಿದ್ದ. ಎಲ್ಲರ ಜೊತೆ ನಾನೂ ನಕ್ಕಿದ್ದೆ. ತೋಪಿನ ಸದ್ದು ಕಿವಿಯೊಳಗೆ ಮೊದಲು ಸುಡುವುದು ತೆಳು ಸ್ವರ ಹಿಡಿಯುವ ಜಾಗವನ್ನೇ, ಹೆಂಗಸರ ಮಾತು, ಮಕ್ಕಳ ಮಾತು ಹೋಗುವುದು ಮೊದಲು ಎಂದು ಕಿವಿಯ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದು ಎಷ್ಟೋ ವರ್ಷದ ಮೇಲೆ.

ನನ್ನ ಸ್ವರ ಮೊದಲೇ ಸಣ್ಣದು. ಕುಂದಾಪುರದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಮಾತು ಪಕ್ಕದಲ್ಲಿ ಕೂತವಳಿಗೆ ಕೇಳಿದರೆ ಸಾಕು, ಕಿಟಕಿ ದಾಟಬಾರದು ಎನ್ನುತ್ತಿದ್ದರು ನಮ್ಮ ಸಿಸ್ಟರ್. ಅವರ ಬೆರಳು ಸದಾ ತುಟಿಯ ಮೇಲೆ. ನಮ್ಮ ಊರಿನವರು ಸುಖ ದುಃಖ ಮಾತಾಡಿದರೂ ಹೊರಗಿನವರಿಗೆ ಜಗಳವಾಡಿದ ಹಾಗೆ ಕೇಳುತ್ತದೆ. ಅಂಥ ಊರಿನಲ್ಲಿ ನಾನೊಬ್ಬಳು ದೇವರ ಕೋಣೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತ ಬೆಳೆದೆ. ಅಂಥವಳನ್ನು ಕೊಟ್ಟದ್ದು ತೋಪಿನ ದಳದವರಿಗೆ.

ಮದುವೆಯಾದ ಮೇಲೂ ಇವರು ಸೈನ್ಯದಲ್ಲೇ ಇದ್ದರು. ವರ್ಷಕ್ಕೊಮ್ಮೆ ರಜೆ. ಒಂದು ರಜೆಯಲ್ಲಿ, ಡಿಸೆಂಬರ್ ತಿಂಗಳು, ಅಂಗಳದಲ್ಲಿ ಕೂತು ಜೀರುಂಡೆ ಎಷ್ಟು ಕೂಗುತ್ತದೆ ನೋಡು ಎಂದರು. ಜೀರುಂಡೆ ನಮ್ಮಲ್ಲಿ ಮಳೆ ಹಿಡಿಯುವ ಕಾಲದ್ದು. ನಾನು ಕಿವಿಗೊಟ್ಟು ಕೇಳಿದೆ, ಏನೂ ಇರಲಿಲ್ಲ. ತೋಪು ಹಾರಿಸುವಾಗ ಕಿವಿಗೆ ಏನು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಹತ್ತಿ ಎಂದರು, ಅದೂ ಸಿಕ್ಕರೆ. ಹತ್ತಿ ತುರುಕಿಕೊಂಡವನನ್ನು ಉಳಿದವರು ಮದುಮಗಳು ಎಂದು ಗೇಲಿ ಮಾಡುತ್ತಿದ್ದರಂತೆ. ಹಾಗಾಗಿ ಇವರು ಹೆಚ್ಚು ಸಲ ಇಟ್ಟುಕೊಂಡದ್ದೂ ಇಲ್ಲ.

ಹದಿನೇಳು ವರ್ಷ ಮುಗಿಸಿ ಇವರು ಊರಿಗೆ ಬರುವುದೆಂದು ತೀರ್ಮಾನವಾದದ್ದು ತೊಂಬತ್ತೇಳರಲ್ಲಿ. ಅದೇ ಹೊತ್ತಿಗೆ ಬೈಂದೂರಿನ ಹತ್ತಿರ ಕಡಲ ಬದಿಯಲ್ಲಿದ್ದ ಅತ್ತಿಗೆಯ ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಅತ್ತಿಗೆ ಎಂದರೆ ಇವರ ಅಕ್ಕ. ಅವರ ಗಂಡ ದೋಣಿಯಲ್ಲಿ ಹೋದವರು ತಿರುಗಿ ಬರದೆ ಆಗಲೇ ಎಂಟು ವರ್ಷವಾಗಿತ್ತು. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆತನದವರು, ಆ ಮನೆತನಕ್ಕೆ ಸೋದರಮಾವನೇ ಹಿರಿಯ. ತಂದೆಯಿಲ್ಲದ ಹುಡುಗಿಗೆ ಧಾರೆ ಎರೆಯಬೇಕಾದದ್ದು ಅವನ ಕೈ. ಅತ್ತಿಗೆಗೆ ಇದ್ದವರು ಇವರೊಬ್ಬರೇ ತಮ್ಮ. ಹುಡುಗ ಮುಂಬೈ ಹೋಟೆಲಿನಲ್ಲಿದ್ದವನು, ಮೇ ತಿಂಗಳು ದಾಟಿದರೆ ಅವನಿಗೆ ರಜೆಯಿಲ್ಲ, ಆಮೇಲೆ ಮಳೆ, ಮುಹೂರ್ತವೂ ಇಲ್ಲ.

ಆಗ ಇವರಿಂದ ಒಂದು ಕಾಗದ ಬಂತು. ಸೈನ್ಯ ಬಿಡುವ ಮೊದಲು ಮೈಯೆಲ್ಲ ಪರೀಕ್ಷೆ ಮಾಡುತ್ತಾರೆ, ಕಿವಿಯ ವಿಷಯ ಹೇಳಿದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಡಾಕ್ಟರುಗಳ ಬೋರ್ಡು ಕೂರುತ್ತದೆ, ತಿಂಗಳೋ ಎರಡು ತಿಂಗಳೋ ತಡವಾಗಬಹುದು, ಏನು ಮಾಡಲಿ ಎಂದು. ಅಷ್ಟು ವರ್ಷದಲ್ಲಿ ಏನು ಮಾಡಲಿ ಎಂದು ಇವರು ನನ್ನನ್ನು ಕೇಳಿದ್ದು ಅದೊಂದೇ ಸಲ. ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಅವರ ಕಣ್ಣೆದುರೇ ನಾನು ಇನ್‌ಲ್ಯಾಂಡ್ ಕಾಗದ ತೆಗೆದು ಉತ್ತರ ಬರೆದೆ. ಮನೆಯ ಸುದ್ದಿಗೆ ಮೂರೂ ಬದಿ ತುಂಬಿ, ಕೊನೆಗೆ ಮಡಚಿ ಅಂಟಿಸುವ ಕಿರುಪಟ್ಟಿಯಲ್ಲಿ ಬರೆದದ್ದು ಇಷ್ಟು: ‘ಡಾಕ್ಟರು ಏನು ಕೇಳಿದರೂ ತೊಂದರೆ ಏನೂ ಇಲ್ಲ ಎಂದು ಹೇಳಿ ಹೊರಟು ಬನ್ನಿ. ಕಿವಿಯನ್ನು ಇಲ್ಲಿ ತೋರಿಸಿದರಾಯಿತು.’ ಅದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಮುಖ್ಯವಾದದ್ದರ ಕೆಳಗೆ ಗೆರೆ ಎಳೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರಲ್ಲ.

ಇವರು ಹೇಳಿದ ದಿನಕ್ಕೆ ಬಂದರು. ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಮದುವೆಯ ದಿನ ಮಂಟಪದಲ್ಲಿ ಒಂದು ಕಡೆ ವಾಲಗ, ಇನ್ನೊಂದು ಕಡೆ ಭಟ್ಟರ ಮಂತ್ರ. ನಾನು ಕಂಬಕ್ಕೆ ಒರಗಿ ಇವರನ್ನೇ ನೋಡುತ್ತಿದ್ದೆ. ಇವರ ಕಣ್ಣು ಮದುಮಗಳ ಮೇಲೂ ಇಲ್ಲ, ಕೈಯಲ್ಲಿದ್ದ ಗಿಂಡಿಯ ಮೇಲೂ ಇಲ್ಲ. ಭಟ್ಟರ ತುಟಿಯ ಮೇಲಿತ್ತು. ನೀರು ಬಿಡಿ ಎಂದು ಭಟ್ಟರು ಎರಡು ಸಲ ಹೇಳಿದರು. ಇವರು ಹಾಗೇ ನಿಂತಿದ್ದರು. ಅತ್ತಿಗೆ ಹಿಂದಿನಿಂದ ಮೊಣಕೈಗೆ ತಿವಿದು, “ನೀರ್ ಬಿಡ್ ಮಾರಾಯಾ, ಎಲ್ಲ ಕಾಯ್ತಿದ್ರ್” ಎಂದರು. ನೀರು ಬಿತ್ತು. ಹುಡುಗನ ಕಡೆಯ ಒಬ್ಬರು, “ಮಿಲ್ಟ್ರಿ ಮಾವಂಗೆ ಹಿಂದಿಯಲ್ಲೇ ಆರ್ಡರ್ ಕೊಡ್ಕ್ ಕಾಣಿ” ಎಂದದ್ದಕ್ಕೆ ಇಡೀ ಚಪ್ಪರ ನಕ್ಕಿತು. ಇವರೂ ನಕ್ಕರು, ಸ್ವಲ್ಪ ತಡವಾಗಿ, ಉಳಿದವರು ನಕ್ಕದ್ದನ್ನು ಕಂಡು.

ಇಲ್ಲಿ ತೋರಿಸಿದರಾಯಿತು ಎಂದು ಬರೆದವಳು ನಾನು. ತೋರಿಸಲು ಇವರನ್ನು ಕರೆದೊಯ್ಯುವುದಕ್ಕೇ ನನಗೆ ಆರು ವರ್ಷ ಹಿಡಿಯಿತು. ಸೈನ್ಯದಲ್ಲಿ ಕಾಯಿಲೆ ಎಂದರೆ ಬೆಳಿಗ್ಗೆ ಸಾಲಿನಲ್ಲಿ ನಿಂತು ಹೆಸರು ಬರೆಸಬೇಕು. ಹೆಚ್ಚು ಸಲ ಬರೆಸಿದವನಿಗೆ ಕೆಲಸಗಳ್ಳ ಎಂಬ ಹೆಸರು. ಹಾಗೆ ಹದಿನೇಳು ವರ್ಷ ಬದುಕಿದವರಿಗೆ, ತಾನಾಗಿ ಡಾಕ್ಟರ ಬಾಗಿಲಿಗೆ ಹೋಗಿ ನನಗೆ ಹೀಗಾಗಿದೆ ಎಂದು ಹೇಳುವುದು ಬಾರದು. ನಾನು ಮೆತ್ತಗೆ ಹೇಳುತ್ತಿದ್ದೆ, ಅದು ಕೇಳುತ್ತಿರಲಿಲ್ಲ. ಕೇಳಿದರೂ ಕೇಳದ ಹಾಗೆ ಇದ್ದರೋ ಏನೋ, ಅದನ್ನು ತಿಳಿಯುವ ದಾರಿಯೂ ನನಗಿರಲಿಲ್ಲ. ಕಿವುಡರ ಜೊತೆ ಬಾಳುವವರಿಗೆ ಮಾತ್ರ ಗೊತ್ತಾಗುವ ಸಂಕಟ ಅದು.

ಬ್ರಹ್ಮಾವರದಲ್ಲಿ ನಾವು ಸಣ್ಣ ಮನೆ ಮಾಡಿಕೊಂಡಿದ್ದೆವು. ಇವರು ಹಂಗಾರಕಟ್ಟೆಯ ಕಡೆ ಒಂದು ಐಸ್ ಪ್ಲಾಂಟಿನ ಗೇಟಿನಲ್ಲಿ ಕಾವಲಿಗೆ ಹೋಗುತ್ತಿದ್ದರು. ಒಂದು ದಿನ ಮೀನಿನ ಲಾರಿ ಹಿಮ್ಮುಖವಾಗಿ ಬರುತ್ತಿತ್ತು. ಹಾಗೆ ಹಿಂದಕ್ಕೆ ಬರುವಾಗ ಲಾರಿಗಳು ಟೀಂ ಟೀಂ ಎಂದು ಹಾಡು ಹಾಡುತ್ತವಲ್ಲ, ಆ ಸಣ್ಣ ಸದ್ದು ಇವರ ಪಾಲಿಗೆ ಇಲ್ಲವೇ ಇಲ್ಲ. ಬೆನ್ನು ತಿರುಗಿಸಿ ನಿಂತಿದ್ದವರನ್ನು ಐಸ್ ಹೊರುವ ಹೆಂಗಸೊಬ್ಬಳು ಅಂಗಿ ಹಿಡಿದು ಎಳೆದಳಂತೆ. ಅಂಗಿಯ ಜೇಬು ಕಿತ್ತು ಬಂದಿತ್ತು. ಮನೆಗೆ ಬಂದು ಜೇಬನ್ನೂ ಅಂಗಿಯನ್ನೂ ನನ್ನ ಮುಂದಿಟ್ಟು, ಹೊಲಿದು ಕೊಡು ಎಂದರು. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೇ ದಿನ ನಾನು ಸೀರೆ ಉಟ್ಟು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತೆ. ಇವರು ನನ್ನ ಹಿಂದೆ ಬಂದು ಬಸ್ಸು ಹತ್ತಿದರು.

ಕುಂದಾಪುರದ ಕಿವಿಯ ಡಾಕ್ಟರು ವಯಸ್ಸಾದವರು. ನರ ಹೋಗಿದೆ, ಮದ್ದಿಲ್ಲ, ಮಿಶಿನ್ ಒಂದೇ ದಾರಿ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಬೇಗ ಹಾಕಿಸಬೇಕಮ್ಮ ಎಂದರು. ಕೈಯನ್ನು ವರ್ಷಗಟ್ಟಲೆ ಕಟ್ಟಿಟ್ಟರೆ ಸೊರಗುವ ಹಾಗೆ, ಮಾತು ಬೀಳದ ಕಿವಿಗೆ ಮಾತೇ ಮರೆತುಹೋಗುತ್ತದೆ. ಆಮೇಲೆ ಎಂಥ ಮಿಶಿನ್ ಇಟ್ಟರೂ ಸದ್ದು ಕೇಳೀತು, ಮಾತು ಕೇಳದು. ಎಡಗಿವಿ ಹೆಚ್ಚು ಹೋಗಿದೆ, ಬಲಗಿವಿಯನ್ನಾದರೂ ಉಳಿಸಿಕೊಳ್ಳಿ ಎಂದರು. ಆ ದಿನದಿಂದ ನನ್ನ ತಲೆಯಲ್ಲಿ ಒಂದು ಗಡಿಯಾರ ಓಡತೊಡಗಿತು.

ನಮ್ಮದೇ ದುಡ್ಡಿನಲ್ಲಿ ಒಂದು ಕೊಳ್ಳೋಣ ಎಂದೆ, ಗಟ್ಟಿಯಾಗಿ, ಎರಡು ಸಲ. ಇವರು ಬೇಡವೆಂದು ತಲೆಯಾಡಿಸಿದರು. “ತೋಪ್ ಅವ್ರದ್ದ್, ಕೆಮಿ ನಂದ್. ಮಿಶಿನ್ ಅವ್ರೇ ಕೊಡ್ಕ್.” ಅಷ್ಟು ಹೊತ್ತಿಗೆ ಮಾಜಿ ಸೈನಿಕರಿಗೆಂದು ಚಿಕಿತ್ಸೆಯ ಕಾರ್ಡು ಬಂದಿತ್ತು, ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿ ಒಂದು ಕ್ಲಿನಿಕ್ಕೂ ತೆರೆದಿತ್ತು. ಕಿವಿ ಕೆಡಿಸಿದವರೇ ಮಿಶಿನ್ ಕೊಡಬೇಕೆಂಬ ಇವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೆ ನಾನೂ ಒಪ್ಪಿದೆ. ನ್ಯಾಯ ನಡೆಯುವಷ್ಟು ಹೊತ್ತು ಗಡಿಯಾರ ನಿಲ್ಲುವುದಿಲ್ಲ ಎಂದು ಆಗ ಹೊಳೆಯಲಿಲ್ಲ.

ಆ ಕ್ಲಿನಿಕ್ಕಿನ ಬೆಂಚು ನನಗೆ ನಮ್ಮ ಮನೆಯ ಜಗಲಿಯಷ್ಟೇ ಪರಿಚಯವಾಯಿತು. ಎಲ್ಲರ ಮಡಿಲಲ್ಲೂ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದ. ಗಂಡಸರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರು, ಮೊಣಕಾಲು ನೋವಿಗೆ ಬಂದವರೂ. ಪಕ್ಕದ ಮಿಲಿಟರಿ ಕ್ಯಾಂಟೀನಿನಲ್ಲಿ ರಮ್ಮಿನ ಬಾಟಲಿ ಕೊಡುವ ದಿನವಾದರೆ ಆ ಸಾಲು ಡಾಕ್ಟರ ಸಾಲಿಗಿಂತ ಉದ್ದ. ಸಿದ್ದಾಪುರದ ಕಡೆಯಿಂದ ಬರುತ್ತಿದ್ದ ಒಬ್ಬರು ಹಿರಿಯರು ಇವರ ಕಿವಿಯ ಹತ್ತಿರ ಬಾಯಿಟ್ಟು, “ಕೆಮಿ ಹೋದ್ದ್ ಲಾಯ್ಕ್ ಆಯ್ತ್ ಮಾರಾಯ್ರೆ, ಹೆಂಡ್ತಿ ಬೈದದ್ದ್ ಕೇಣುದ್ ಬ್ಯಾಡ” ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಪ್ರತಿ ಸಲವೂ ಇವರು ಎಂತ ಎಂದು ಕೇಳುತ್ತಿದ್ದರು.

ಕ್ಲಿನಿಕ್ಕಿನಲ್ಲಿ ಕಿವಿಯ ಡಾಕ್ಟರಿಲ್ಲ. ಅವರು ಬೇರೆ ಆಸ್ಪತ್ರೆಗೆ ಚೀಟಿ ಬರೆಯಬೇಕು. ಆ ಚೀಟಿಗೆ ಆಯುಸ್ಸು ಕಡಿಮೆ. ಆಸ್ಪತ್ರೆಯವರು ದಿನ ಕೊಡುವಷ್ಟರಲ್ಲಿ ಅದು ಸತ್ತಿರುತ್ತದೆ, ಮತ್ತೆ ಎರಡು ಬಸ್ಸು ಹತ್ತಿ ಹೊಸ ಚೀಟಿಗೆ ಬರಬೇಕು. ಹಾಗೆ ಹೀಗೆ ಪರೀಕ್ಷೆಯಾಗಿ ಮಿಶಿನ್ ಬೇಕೆಂದು ಬರೆಸಿಕೊಂಡು ಬಂದಾಗ, ಇದಕ್ಕೆ ಮಿಲಿಟರಿ ಆಸ್ಪತ್ರೆಯ ಒಪ್ಪಿಗೆ ಬೇಕು ಎಂದರು. ಅಲ್ಲಿಗೂ ರೈಲಿನಲ್ಲಿ ಹೋದೆವು. ಅಲ್ಲಿನವರು ಸೈನ್ಯ ಬಿಡುವಾಗಿನ ಪರೀಕ್ಷೆಯ ಕಾಗದ ಕೇಳಿದರು. ಅದು ಮನೆಯ ಟ್ರಂಕಿನಲ್ಲಿತ್ತು. ಸೇವೆಯಲ್ಲಿ ಆದ ಕಿವುಡು ಎಂದು ದಾಖಲೆಯಿದ್ದವರದ್ದು ಮೊದಲು, ಉಳಿದವರದ್ದು ಆಮೇಲೆ ನೋಡೋಣ ಎಂದು ಕಳಿಸಿದರು.

ಮನೆಗೆ ಬಂದವಳೇ ಟ್ರಂಕು ತೆರೆದೆ. ಇವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಮಡಚಿಟ್ಟ ಕಂಬಳಿಯ ಅಡಿಯಲ್ಲಿ ಆ ಕಾಗದ ಸಿಕ್ಕಿತು. ಎಡಗಿವಿ ಸರಿ, ಬಲಗಿವಿ ಸರಿ, ತೊಂದರೆ ಏನೂ ಇಲ್ಲ, ಕೆಳಗೆ ಇವರ ಸಹಿ. ಅದರ ಬೆನ್ನಿಗೇ ಒಂದು ಇನ್‌ಲ್ಯಾಂಡ್ ಕಾಗದ, ಮಡಿಕೆಯಲ್ಲಿ ಹರಿಯುವಷ್ಟು ಹಳೆಯದು. ನನ್ನ ಅಕ್ಷರ. ಸ್ಕೇಲ್ ಇಟ್ಟು ಎಳೆದ ಗೆರೆ. ಎರಡನ್ನೂ ಹಿಡಿದುಕೊಂಡು ನೆಲದಲ್ಲಿ ಕೂತುಬಿಟ್ಟೆ. ಇವರು ನೀರು ಕುಡಿಯಲು ಒಳಗೆ ಬಂದವರು ನನ್ನ ಕೈ ನೋಡಿದರು. ಬೈಯಲಿ ಎಂದು ಕಾದೆ. “ಅದ್ನ ಅಲ್ಲೇ ಇಡ್” ಎಂದರು, ನೀರು ಕುಡಿದು ಹೊರಗೆ ಹೋದರು. ಅಷ್ಟು ವರ್ಷದಲ್ಲಿ ಒಂದು ದಿನವೂ ನೀನು ಬರೆದದ್ದಕ್ಕೆ ಹೀಗಾಯಿತು ಎಂದು ಹೇಳಿದವರಲ್ಲ. ಹೇಳಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರವಾಗುತ್ತಿದ್ದೆ.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಕಾರ್ಡಿನ ಜೆರಾಕ್ಸ್ ಬೇಕೆಂದರು. ಹಿಂದಿನ ಸಲ ಕೊಟ್ಟಿದ್ದೆ, ಅದು ಹಿಂದಿನ ಸಲದ್ದು ಎಂದರು. ಇವರನ್ನು ಬೆಂಚಿನಲ್ಲಿ ಕೂರಿಸಿ ನಾನು ರಸ್ತೆ ದಾಟಿ ಹೋದೆ. ಅಂಗಡಿಯಲ್ಲಿ ಕರೆಂಟಿರಲಿಲ್ಲ. ಇನ್ನೊಂದು ಅಂಗಡಿ ಹುಡುಕಿ ಬರುವಷ್ಟರಲ್ಲಿ ನಮ್ಮ ನಂಬರು ದಾಟಿಹೋಗಿತ್ತು. ಚೀಟಿಗೆ ಅದೇ ಕೊನೆಯ ದಿನ. ಕಿಟಕಿಯೊಳಗಿದ್ದ ಗುಮಾಸ್ತ ತಲೆ ಎತ್ತದೆ, “ಮೂರು ಸಲ ಕರೆದೆವಮ್ಮ. ಇದ್ದಿದ್ದರೆ ಬರ್ತಿದ್ರಲ್ಲ?” ಎಂದರು. ಇವರು ಅಲ್ಲೇ, ಕಿಟಕಿಯಿಂದ ಐದು ಮಾರು ದೂರದಲ್ಲಿ, ಬೆನ್ನು ನೆಟ್ಟಗೆ ಮಾಡಿ, ಟೋಕನ್ನನ್ನು ಎರಡು ಬೆರಳಲ್ಲಿ ಹಿಡಿದು ಕೂತಿದ್ದರು.

ನನ್ನೊಳಗೆ ಎಲ್ಲಿತ್ತೋ ಆ ಸ್ವರ. “ಕಿವಿ ಕೇಳೋದಿಲ್ಲ ಅಂತಲೇ ಅವರು ಇಲ್ಲಿಗೆ ಬಂದದ್ದು. ನೀವು ಬಾಯಲ್ಲಿ ಕರೆದರೆ ಅವರಿಗೆ ಹೇಗೆ ಕೇಳಬೇಕು?” ಎಂದೆ. ಕಿಟಕಿಯ ಗಾಜು ಅಲುಗಿದ ಹಾಗೆ ನನಗೆ ಅನಿಸಿತು. ಗುಮಾಸ್ತ ಮೊದಲ ಸಲ ನನ್ನ ಮುಖ ನೋಡಿದರು. ಆದರೂ ಆ ದಿನ ಡಾಕ್ಟರು ಎದ್ದು ಹೋಗಿದ್ದರು, ಹೊಸ ಚೀಟಿಗೆ ಮತ್ತೆ ಬರಬೇಕಾಯಿತು. ಕೂಗಿದ್ದರಿಂದ ಏನೂ ಆಗಲಿಲ್ಲ, ಅಷ್ಟೇ. ಬಸ್ಸಿನಲ್ಲಿ ನಾಚಿಕೆಯಿಂದ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಇವರು ನನ್ನ ಮೊಣಕೈ ಮುಟ್ಟಿ, “ನಿನ್ನ ಒಂದೊಂದ್ ಮಾತೂ ಕೇಂತಿತ್ತ್ ಇವತ್ತ್. ಹಾಂಗೇ ಮಾತಾಡುಕ್ ಆತಿಲ್ಯಾ?” ಎಂದರು. ನನಗೆ ಅಳು ಬಂತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಹೇಳಲಾರೆ.

ಅದಾದ ಮೇಲೆ ಆ ಗುಮಾಸ್ತರೇ ಒಂದು ಅರ್ಜಿ ಕೊಟ್ಟರು. ಕಿವಿಯ ಪ್ರಕರಣವನ್ನು ಮತ್ತೆ ನೋಡಬೇಕೆಂದು ಕೋರುವ ಅರ್ಜಿ. ನಮ್ಮ ಮನೆಯ ಎಲ್ಲ ಅರ್ಜಿ ತುಂಬುವವಳು ನಾನು, ಅಕ್ಷರ ಚಂದವೆಂದು. ಅದರಲ್ಲೊಂದು ಪ್ರಶ್ನೆಯಿತ್ತು: ಸೇವೆಯಿಂದ ಬಿಡುಗಡೆಯಾಗುವಾಗ ಈ ತೊಂದರೆಯನ್ನು ಏಕೆ ತಿಳಿಸಲಿಲ್ಲ? ಉತ್ತರಕ್ಕೆ ಎರಡು ಗೆರೆಯ ಜಾಗ. ನಾನು ಬೇರೆ ಹಾಳೆ ಸೇರಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅಕ್ಕನ ಮಗಳ ಧಾರೆ, ಅಳಿಯಕಟ್ಟು, ಹುಡುಗನ ರಜೆ, ನಾನು ಬರೆದ ಕಾಗದ, ಎಲ್ಲ. ಗುಮಾಸ್ತರು ಅದನ್ನು ಪೂರ್ತಿ ಓದಿದರು. ಓದಿ, ಬೇಸರದಿಂದಲೇ ಇರಬೇಕು, ತಲೆ ಕೆರೆದುಕೊಂಡರು. ಹೀಗೆ ಬರೆದರೆ ಗೊತ್ತಿದ್ದೂ ಮುಚ್ಚಿಟ್ಟರು ಎಂದಾಗುತ್ತದೆ, ಮೇಲಿನವರು ಫೈಲು ಮುಚ್ಚುತ್ತಾರೆ ಎಂದರು. “ಆಗ ಗೊತ್ತಾಗಲಿಲ್ಲ ಅಂತ ಬರೀರಿ ಅಮ್ಮ. ಎಲ್ಲರೂ ಹಾಗೇ ಬರೆಯೋದು.”

ಇವರು ಬೆಂಚಿನಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿನಲ್ಲಿಟ್ಟೆ. ಹೊಸ ಅರ್ಜಿ ತೆಗೆದುಕೊಂಡು ‘ಆಗ ಗೊತ್ತಾಗಲಿಲ್ಲ’ ಎಂದು ಬರೆದೆ. ಅದೇ ಚಂದದ ಅಕ್ಷರ. ಇವರು ಸಹಿ ಹಾಕಿದರು, ಏನು ಬರೆದೆ ಎಂದು ಕೇಳಲಿಲ್ಲ.

ನಿಜ ಬರೆದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಆ ಸುಳ್ಳು ಮಾತ್ರ ಎಲ್ಲೂ ಎಡವದೆ ಮೇಜಿನಿಂದ ಮೇಜಿಗೆ ಹೋಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಮಿಶಿನ್ ಬಂತು. ಡಾಕ್ಟರ ಬಳಿಗೆ ಮೊದಲು ಹೋದ ದಿನದಿಂದ ಅಷ್ಟರಲ್ಲಿ ಏಳು ವರ್ಷವಾಗಿತ್ತು. ಬಲಗಿವಿಗೆ ಇಟ್ಟು ಪರೀಕ್ಷೆ ಮಾಡಿದರು. ಒಬ್ಬ ಹುಡುಗಿ ಮುಖಕ್ಕೆ ಕಾಗದ ಅಡ್ಡ ಹಿಡಿದು ಒಂದೊಂದೇ ಶಬ್ದ ಹೇಳುತ್ತಿದ್ದಳು, ಇವರು ತಿರುಗಿ ಹೇಳಬೇಕು. ಮರ ಎಂದರೆ ಮರ ಎಂದರು. ಕೈ ಎಂದರೆ ನಾಯಿ ಎಂದರು. ಹಸು ಎಂದರೆ ಸುಮ್ಮನಾದರು. ಎಡಗಿವಿಗೆ ಇಟ್ಟಾಗ ಒಂದನ್ನೂ ಹೇಳಲಿಲ್ಲ, ಸದ್ದು ಮಾತ್ರ ಬರುತ್ತದೆ ಎಂದರು. ಹುಡುಗಿ ಕಾಗದ ಇಳಿಸಿ, ಸ್ವಲ್ಪ ಬೇಗ ಬರಬೇಕಿತ್ತು ಎಂದಳು. ನಾನು ಹೂಂ ಎಂದೆ. ಚಿಕ್ಕವಳು, ಅವಳಿಗೆ ಏನು ಹೇಳುವುದು.

ಈಗ ಇವರಿಗೆ ಬಲಗಿವಿಯಲ್ಲಿ ಅರ್ಧ ಮಾತು ಕೇಳುತ್ತದೆ, ಉಳಿದರ್ಧ ತುಟಿ ನೋಡಿ ತಿಳಿಯುತ್ತಾರೆ. ನಾನು ಮೊದಲಿನ ಹಾಗೆ ಮಾತಾಡುವುದಿಲ್ಲ. ನಾನು ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಕೇಳಿದರೆ ಆಚೆಮನೆಯವರು ಜಗಳವೆಂದುಕೊಂಡು ಬಾಗಿಲಿಗೆ ಬರುತ್ತಾರೆ. ಬೈಂದೂರಿನ ಅತ್ತಿಗೆಯ ಮಗಳು, ಅಂದು ಧಾರೆ ಎರೆಸಿಕೊಂಡವಳು, ಮುಂಬೈಯಿಂದ ಬಂದಾಗಲೆಲ್ಲ ಮಾವನ ಬಲಬದಿಗೇ ಕೂರುತ್ತಾಳೆ. ಅವಳಿಗೆ ನಾನು ಏನನ್ನೂ ಹೇಳಿಲ್ಲ.

ಈಚೆಗೆ ಮಿಶಿನ್ ಸೀಟಿ ಹೊಡೆಯತೊಡಗಿತು. ಬದಲಿಸಲು ಮತ್ತೆ ಚೀಟಿ, ಮತ್ತೆ ಬೆಂಚು. ಕ್ಲಿನಿಕ್ಕಿಗೆ ಹೊಸ ಡಾಕ್ಟರು ಬಂದಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾರ್ಡು ನೋಡಿ, ರಕ್ತದ ಒತ್ತಡ ನೋಡಿ, ಪೆನ್ನು ಹಿಡಿದು ಇವರ ಕಡೆ ಮುಖ ಎತ್ತಿದರು. ಏನಾದರೂ ತೊಂದರೆ ಇದೆಯಾ ಎಂದು ಕೇಳಿದರು. ಇವರು ಅವರ ತುಟಿಯನ್ನು ಓದಿದರು. ಓದಿದ ಕೂಡಲೇ ಬೆನ್ನು ನೆಟ್ಟಗಾಯಿತು, ಎರಡು ಕೈಯೂ ತೊಡೆಯ ಬದಿಗೆ ಇಳಿದವು.

“ನೋ ಸರ್” ಎಂದರು.

ಡಾಕ್ಟರು ನಕ್ಕು ಬರೆಯತೊಡಗಿದರು. ಪೆನ್ನು ಕಾಗದ ಮುಟ್ಟಿದ್ದು ನನಗೆ ಕಂಡಿತು. ನಾನು ಕುರ್ಚಿ ಸರಿಸಿ ಎದ್ದು ನಿಂತೆ. ನಾನು ಹೇಳಿದ್ದು ಹೊರಗೆ ಬೆಂಚಿನಲ್ಲಿದ್ದವರಿಗೂ ಕೇಳಿರಬೇಕು.

“ಇದೆ. ಬರೆದುಕೊಳ್ಳಿ” ಎಂದೆ.